ಒಂದು ರೆಕ್ಕೆಯ ಮಸಿ

ಟರ್ಪೆಂಟೈನ್ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ.

ದುಬೈ ಬಿಟ್ಟು ಬಂದಿದ್ದ ಮಾವ ಬಲ್ಮಠದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಹಳೆಯ ಯುದ್ಧವಿಮಾನವೊಂದರ ಮಾದರಿ ಕಟ್ಟಿದ್ದರು. ರೆಕ್ಕೆಗಳು ನಾನು ಕೈ ಚಾಚಿದಷ್ಟು ಅಗಲ. ಬಣ್ಣ ಬಳಿದ ಮೇಲೆ ಎರಡು ತಿಂಗಳು, ನಿಜವಾಗಿ ಹಾರಿ ಬಂದದ್ದರಂತೆ ಕಾಣಲೆಂದು ಅದನ್ನು ಹಳತು ಮಾಡುವುದೇ ಅವರ ಕೆಲಸವಾಗಿತ್ತು. ಹೊಗೆಯ ಮಸಿ, ಎಣ್ಣೆಯ ಕಲೆ, ಎಲ್ಲವನ್ನೂ ಸಣ್ಣ ಬ್ರಶ್ಶಿನಲ್ಲಿ ಮೂಡಿಸಿದ್ದರು.

ಆಯುಧಪೂಜೆಯ ಮಧ್ಯಾಹ್ನ ಅಜ್ಜಿ, "ಗಾಡಿಗಳನ್ನೆಲ್ಲ ಒರೆಸಿಡು, ಕೊಳೆ ಇದ್ದರೆ ಎಂತ ಪೂಜೆ?" ಎಂದರು. ಸ್ಕೂಟರ್, ಸೈಕಲ್ ಮುಗಿಸಿದ ನಾನು, ಬ್ರಶ್ಶಿನ ಬಣ್ಣ ತೆಗೆಯಲು ಮಾವ ಬಾಲ್ಕನಿಯಲ್ಲಿಟ್ಟಿದ್ದ ಟರ್ಪೆಂಟೈನ್ ಬಟ್ಟೆಯಿಂದ ವಿಮಾನವನ್ನೂ ಉಜ್ಜತೊಡಗಿದೆ. ಮಸಿಯೆಲ್ಲ ಹೋಗಿ ಎಡ ರೆಕ್ಕೆ ಹೊಳೆಯಿತು. ಅಜ್ಜಿ ವಿಮಾನದ ಮೂತಿಗೆ ಗಂಧ ಹಚ್ಚಿದರು.

ಹೊರಗಿನಿಂದ ಬಂದ ಮಾವ ಬಾಗಿಲಲ್ಲೇ ನಿಂತರು. ನಾನು ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದೆ.

"ಎಂತ ಮಾಡಿದ್ದು ಮಾರಾಯ್ತಿ" ಎಂದು ಕುಳಿತು, ರೆಕ್ಕೆಯನ್ನು ತುಂಬ ಹೊತ್ತು ಸವರಿದರು. ಆಮೇಲೆ, "ಇರಲಿ. ಯುದ್ಧ ಮುಗಿಸಿ ಮನೆಗೆ ಬಂದದ್ದಲ್ವಾ, ಸ್ನಾನ ಬೇಕು" ಎಂದರು.

"ಇನ್ನೊಂದು ರೆಕ್ಕೆ ಒರೆಸಲಾ ಮಾವ?"

"ಬೇಡ. ಎಲ್ಲಿಗೆ ಹೋಗಿತ್ತು ಅಂತಲೂ ಗೊತ್ತಾಗಬೇಕಲ್ಲ."

ಗಂಧ ಒಣಗಿದ ಮೇಲೆ ಅವರು ಅದನ್ನು ತೆಗೆಯಲಿಲ್ಲ. ಅದು ಉದುರದಂತೆ ಮೇಲೊಂದು ಪದರ ವಾರ್ನಿಷ್ ಬಳಿದರು.