ಐದು ಬೆರಳಿನ ಗುರುತು

ಖಳನಟನ ಬೆರಳುಗಳು ನಾಯಕಿಯ ಕುತ್ತಿಗೆಯ ಮೇಲಿನ ಗುರುತಿಗೆ ಕೂರಲೇ ಇಲ್ಲ. ಹೆಬ್ಬೆರಳು ಸರಿಹೋದರೆ ಕಿರುಬೆರಳು ಎಟುಕುತ್ತಿರಲಿಲ್ಲ, ಕಿರುಬೆರಳು ಎಟುಕಿಸಿದರೆ ಹೆಬ್ಬೆರಳು ಜಾರುತ್ತಿತ್ತು. ನಾಲ್ಕನೆಯ ಸಲವೂ ಹಾಗೇ ಆದಾಗ ನಿರ್ದೇಶಕ ಮಾನಿಟರ್ ಬಿಟ್ಟು ಎದ್ದು ಬಂದ.

"ಮೇಕಪ್ ಅಕ್ಕ, ಯಾರ ಕೈ ಅಳತೆ ತಗೊಂಡು ಬರೆದಿದೀರಿ ಇದನ್ನ? ಕೈ ಎತ್ತಿದ ತಕ್ಷಣ ಅದರ ಕೆಳಗಿಂದಲೇ ಗುರುತು ಕಾಣಬೇಕು ಅಂತ ಬಡ್ಕೊಂಡಿದ್ದೆ ತಾನೆ?"

ಇಪ್ಪತ್ತೆರಡು ವರ್ಷದಿಂದ ಸಿನಿಮಾದವರಿಗೆ ಗಾಯ ಬರೆದುಕೊಡುತ್ತಿದ್ದ ಅಕ್ಕನಿಗೆ ಎಲ್ಲರೆದುರು ಮುಖ ಕೆಂಪಾಯಿತು. ಶೂಟಿಂಗ್ ಎಂದರೆ ಯಾವಾಗಲೂ ಹಿಂದುಮುಂದು. ಗಂಡ ಕತ್ತು ಹಿಸುಕಿ ಕೊಂದ ಹೆಂಡತಿ ದೆವ್ವವಾಗಿ ಬಂದು ಕಾಡುವ ದೃಶ್ಯಗಳು ಒಂಬತ್ತು ದಿನದಲ್ಲಿ ಮುಗಿದಿದ್ದವು, ಅವಳನ್ನು ಕೊಲ್ಲುವುದು ಇವತ್ತು. ಬದುಕಿದ್ದಾಗ ತುಟಿಪಿಟಕ್ಕೆನ್ನದವಳು ಸತ್ತ ಮೇಲೆ ಎರಡೂವರೆ ಗಂಟೆ ಗಂಡನ ಬೆವರಿಳಿಸುತ್ತಾಳೆ. ಹೆಂಗಸು ತಿರುಗಿ ಬೀಳಬೇಕಾದರೆ ಮೊದಲು ಸಾಯಲೇಬೇಕು ಎಂದು ಈ ಸಿನಿಮಾದವರಿಗೆ ಯಾರು ಹೇಳಿಕೊಟ್ಟರೋ. ಅಂತೂ ಆ ಒಂಬತ್ತು ದಿನವೂ ಅವಳ ಕುತ್ತಿಗೆಯ ಮೇಲೆ ಈ ಐದು ಬೆರಳು ಎದ್ದು ಕಂಡಿದ್ದವು.

ಮೊದಲ ದಿನ ಅದನ್ನು ಬರೆದದ್ದು ತಾನಲ್ಲ ಎಂದು ಅಕ್ಕ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಅಂದು ಅವಳು ಬಂದದ್ದೇ ಒಂದು ಗಂಟೆ ತಡ. ಬಂದು ನೋಡಿದರೆ ನಾಯಕಿಯ ಕುತ್ತಿಗೆಯಲ್ಲಿ ಗುರುತು ಆಗಲೇ ಮೂಡಿತ್ತು, ನಡುವೆ ನೇರಳೆ, ಅಂಚಿನಲ್ಲಿ ಕೆಂಪು. ಇಡೀ ಸೆಟ್ಟು ಚಿಕ್ಕಮ್ಮ ಎಂದು ಕರೆಯುವ ಹೇರ್‌ಡ್ರೆಸರ್ ಹಿಂದೊಮ್ಮೆ ಮೇಕಪ್ ಕೆಲಸವನ್ನೂ ಮಾಡಿದ್ದವಳು. ಅವಳದೇ ಕೈಚಳಕ ಎಂದುಕೊಂಡ ಅಕ್ಕ ಹೊಟ್ಟೆಕಿಚ್ಚಿಗೆ ಒಂದು ಮಾತೂ ಆಡಲಿಲ್ಲ. ನಿರ್ದೇಶಕ "ಅದ್ಭುತ" ಎಂದಾಗ ಆ ಹೊಗಳಿಕೆಯನ್ನೂ ಸದ್ದಿಲ್ಲದೆ ತಾನೇ ನುಂಗಿದಳು. ಮರುದಿನದಿಂದ ಫೋಟೊ ನೋಡಿ ತಿದ್ದುವ ಕೆಲಸ. ಮೊದಲ ಮೂರು ದಿನ ತಿದ್ದಲು ಹೆಚ್ಚೇನೂ ಇರಲಿಲ್ಲ. "ಮನೆಗೆ ಹೋಗಿ ಕತ್ತು ಸರಿಯಾಗಿ ತೊಳ್ಕೋಮ್ಮ, ಹೀಗೆ ಬಣ್ಣ ಬಿಟ್ರೆ ಚರ್ಮ ಹಾಳಾಗುತ್ತೆ" ಎಂದು ಗದರಿದ್ದಳು ಕೂಡ. ನಾಯಕಿ "ಆಯ್ತಕ್ಕ" ಎಂದಿದ್ದಳು.

ಈಗ ತನ್ನ ಬುಡಕ್ಕೇ ಬಂದಾಗ ಅಕ್ಕ ಚಿಕ್ಕಮ್ಮನ ಹತ್ತಿರ ಸರಿದು ಪಿಸುಗುಟ್ಟಿದಳು. "ಮೊದಲನೇ ದಿನ ಯಾರ ಕೈ ನೋಡ್ಕೊಂಡು ಬರೆದ್ರಿ?"

"ನಾನಾ? ಆ ಕೆಲಸ ಬಿಟ್ಟು ಹತ್ತು ವರ್ಷ ಆಯ್ತು. ನಾನು ಬಂದಾಗಲೇ ಇತ್ತಲ್ಲ ಅದು. ನೀವೇ ಬರೆದಿಟ್ಟು ಕಾಫಿಗೆ ಹೋಗಿದೀರಿ ಅಂದ್ಕೊಂಡೆ."

ಬಣ್ಣ ಹಚ್ಚುವ ಮೊದಲೊಂದು, ಹಚ್ಚಿದ ಮೇಲೊಂದು ಫೋಟೊ ತೆಗೆಯುವುದು ಅಕ್ಕನ ಪದ್ಧತಿ. ಫೋನು ತೆಗೆದು ಹಚ್ಚುವ ಮೊದಲಿನವನ್ನು ಒಂದೊಂದಾಗಿ ಸರಿಸಿದಳು. ಮೊದಲ ದಿನ ನೇರಳೆ, ನಾಲ್ಕನೆಯ ದಿನ ಹಸಿರು, ಏಳನೆಯ ದಿನ ಹಳದಿ. ಅವಳ ಪೆಟ್ಟಿಗೆಯ ಯಾವ ಬಣ್ಣವೂ ಹೀಗೆ ಮಾಗುವುದಿಲ್ಲ. ಇಷ್ಟು ದಿನ ನೋಡಿಯೂ ಕಾಣದ ತನ್ನ ಕಣ್ಣಿನ ಮೇಲೆ ಅವಳಿಗೆ ಅಸಹ್ಯವಾಯಿತು.

ಅಷ್ಟರಲ್ಲಿ ನಿರ್ದೇಶಕ ದಾರಿ ಹುಡುಕಿಕೊಂಡಿದ್ದ. "ಗುರುತು ಬದಲಾಯಿಸೋಕೆ ಆಗಲ್ಲ, ಕೈ ಬದಲಾಯಿಸೋಣ. ಕ್ಲೋಸಪ್‌ನಲ್ಲಿ ಬರೀ ಕೈ ತಾನೆ ಕಾಣೋದು. ದೊಡ್ಡ ಕೈ ಯಾರದ್ದಿದೆ ಇಲ್ಲಿ?"

"ನಿರ್ಮಾಪಕರದ್ದು ನೋಡಿ ಸರ್, ಮೊರದಗಲ ಇದೆ" ಎಂದ ಲೈಟಿನವನೊಬ್ಬ. ಎಲ್ಲರೂ ನಕ್ಕರು.

ನಿರ್ಮಾಪಕ ನಾಯಕಿಯ ಗಂಡ. ದಿನವೂ ಅವಳನ್ನು ಕಾರಿನಲ್ಲಿ ಕರೆತಂದು, ಮಧ್ಯಾಹ್ನ ಅವಳ ಪಕ್ಕದಲ್ಲೇ ಊಟಕ್ಕೆ ಕೂತು, ಸಂಜೆ ಕರೆದುಕೊಂಡು ಹೋಗುತ್ತಿದ್ದ. ಹೆಂಡತಿಯನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾನೆ ಎಂದು ಸೆಟ್ಟಿನ ಹೆಂಗಸರೆಲ್ಲ ಮಾತಾಡಿಕೊಳ್ಳುತ್ತಿದ್ದರು. "ನಂಗ್ಯಾಕ್ರೀ ಇದೆಲ್ಲ" ಎಂದು ಅವನು ಮೊಬೈಲಿಗೆ ಮುಖ ಹಾಕಿದ. ಎರಡೇ ನಿಮಿಷ ಸರ್, ಮುಖ ಬರಲ್ಲ ಸರ್ ಎಂದು ಎಲ್ಲರೂ ದುಂಬಾಲು ಬಿದ್ದರು. ಇನ್ನೂ ಕೂತರೆ ಚೆನ್ನಾಗಿರುವುದಿಲ್ಲ ಎನಿಸಿತೇನೋ, ತೋಳು ಮಡಿಸುತ್ತ ಎದ್ದ.

"ಸರ್, ಬೇಡ" ಎಂದಳು ಅಕ್ಕ. "ನಾನು ಅಳಿಸಿ ಹೊಸದಾಗಿ ಬರೀತೀನಿ."

"ಒಂಬತ್ತು ದಿನ ತೆಗೆದಿರೋದನ್ನ ಯಾರಮ್ಮ ಅಳಿಸ್ತಾರೆ?"

ನಾಯಕಿ ಅಕ್ಕನನ್ನೇ ನೋಡುತ್ತಿದ್ದಳು. ಅಕ್ಕನಿಗೆ ಗೊತ್ತಾಗಿದೆ ಎಂಬುದು ಅವಳಿಗೂ ಗೊತ್ತಾಯಿತು. "ಬಿಡಿ ಅಕ್ಕ, ಬರಲಿ" ಎಂದಳು, ತೀರ ಮೆಲ್ಲಗೆ.

ಅವನು ಬಂದು ಕೈಯಿಟ್ಟ. ಯಾರೂ ಬೆರಳು ಸರಿಸಿ ಕೂರಿಸಬೇಕಾಗಲಿಲ್ಲ. ಡಬ್ಬಿಗೆ ಅದರದೇ ಮುಚ್ಚಳ ಕೂತ ಹಾಗೆ ಐದಕ್ಕೆ ಐದೂ ಕೂತವು.

"ಆಹಾ, ಅಳತೆ ಕೊಟ್ಟು ಹೊಲಿಸಿದ ಹಾಗಿದೆ" ಎಂದು ನಿರ್ದೇಶಕ ಖುಷಿಯಿಂದ ಮಾನಿಟರಿನತ್ತ ಓಡಿದ. ಚಿಕ್ಕಮ್ಮ ಅಕ್ಕನ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡಳು.

ಕ್ಯಾಮೆರಾ ತಿರುಗಿತು. ನಾಯಕಿ ಬಾಯಿ ತೆರೆದಳು. ಏನೂ ಕೇಳಿಸಲಿಲ್ಲ.

"ಕಟ್. ಏನು ಮೇಡಂ, ಬಾಯಿ ಬಿಟ್ಕೊಂಡು ಸುಮ್ನೆ ಇದೀರಲ್ಲ? ಕೂಗಬೇಕು ನೀವು. ಇಡೀ ಥಿಯೇಟರ್ ನಡುಗಬೇಕು."

ಗಂಡ ಕೈ ತೆಗೆಯಲು ಹೋದ. ಅವಳು ಎರಡೂ ಕೈಯಿಂದ ಅವನ ಮಣಿಕಟ್ಟು ಹಿಡಿದು, ಆ ಕೈಯನ್ನು ಇದ್ದಲ್ಲೇ ಇರಿಸಿಕೊಂಡಳು.

"ಕತ್ತು ಹಿಸುಕೋವಾಗ ದನಿ ಬರಲ್ಲ ಸರ್. ಬೇಕಾದ್ರೆ ಇವರನ್ನೇ ಕೇಳಿ."