ಕಾಲು ಟಾಕಿಯ ಮುಳ್ಳು

ಟಾಕಿಯಲ್ಲಿ ಒಂದು ಹನಿ ಪೆಟ್ರೋಲ್ ಇರಲಿಲ್ಲ. ಅಬ್ರಾರ್ ತಾನೇ ಪೈಪ್ ಇಳಿಸಿ ಎಲ್ಲವನ್ನೂ ಡಬ್ಬಿಗೆ ಎಳೆದಿದ್ದ. ಆದರೂ ಚಾವಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಪೆಟ್ರೋಲ್ ಮುಳ್ಳು ಮೆಲ್ಲಗೆ ಎದ್ದು, ಕಾಲು ಟಾಕಿಯ ಗೆರೆಗೆ ಬಂದು ನಿಂತಿತು.

ಅವನು ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿದ; ಮುಳ್ಳು ಕದಲಲಿಲ್ಲ.

"ಏನ್ ತೋರಸಾಕತ್ತದ?" ಹೊರಗಿನಿಂದ ಖಂಡೆಪ್ಪ ಕೇಳಿದರು.

"ತಡೀರಿ ಕಾಕಾ, ಇನ್ನೊಮ್ಮಿ ನೋಡ್ತೀನಿ."

ಕಲಬುರಗಿಯಲ್ಲಿ ಹಳೇ ಕಾರಿನ ಮೀಟರ್ ಕೆಟ್ಟರೆ ಜನ ಬರುವುದು ರಿಂಗ್ ರೋಡಿನ ಅಬ್ರಾರ್‌ನ ಅಂಗಡಿಗೇ. ಅದರ ಹಮ್ಮು ಅವನಿಗೆ ತುಸು ಹೆಚ್ಚೇ ಇತ್ತು. ಕಮಲಾಪುರದ ಖಂಡೆಪ್ಪನವರ ಈ ಬಿಳಿ ಅಂಬಾಸಿಡರ್ ಕೂಡ ಎರಡು ವರ್ಷದ ಹಿಂದೆ ಇಲ್ಲಿಗೇ ಬಂದಿತ್ತು. ಖಂಡೆಪ್ಪ ಲೈನ್‌ಮ್ಯಾನ್ ಆಗಿ ನಿವೃತ್ತರಾದವರು. ಯಾವುದೋ ಕಚೇರಿಯ ಹರಾಜಿನಲ್ಲಿ ಕೊಂಡ ಕಾರನ್ನು ಮಗುವಿನ ಹಾಗೆ ನೋಡಿಕೊಂಡಿದ್ದರು.

ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವರ ಹೆಂಡತಿ ಶಿವಕಾಂತಮ್ಮನಿಗೆ ಎದೆನೋವು ಬಂತು. ಸೊಸೆ ನಾಗರತ್ನಾ ಅತ್ತೆಯನ್ನು ಇದೇ ಕಾರಿನಲ್ಲಿ ಕೂಡಿಸಿಕೊಂಡು, ತಾನೇ ಓಡಿಸುತ್ತ ಕಲಬುರಗಿಯ ಆಸ್ಪತ್ರೆಗೆ ಹೊರಟಳು. ಕಲಬುರಗಿ ಇನ್ನೂ ಹತ್ತು ಕಿಲೋಮೀಟರ್ ಇರುವಾಗ ಕಾರು ನಿಂತಿತು. ಪೆಟ್ರೋಲ್ ಮುಗಿದಿತ್ತು. ಇನ್ನೊಂದು ಗಾಡಿ ಸಿಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇದನ್ನೆಲ್ಲ ಖಂಡೆಪ್ಪ ಬೆಳಿಗ್ಗೆ ಬಂದವರೇ ಹೇಳಿದ್ದರು. ಬೈಯಲಿಲ್ಲ, ದೂರಲಿಲ್ಲ. "ಮೀಟರ್ ಛಲೋತ್ನಾಗಿ ಪರೀಕ್ಷಾ ಮಾಡಪಾ. ಹಿಂದ ಕೈ ಹಾಕಿ ನೋಡು" ಎಂದರು, ಅಷ್ಟೇ. ಬೈದಿದ್ದರೆ ಅಬ್ರಾರ್‌ಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಎಂಜಿನ್ ತಣ್ಣಗಿತ್ತು. ಆದರೂ ಅದರ ಬಿಸಿ ತೋರಿಸುವ ಮುಳ್ಳೂ ಏರತೊಡಗಿತು. ಎರಡು ಮುಳ್ಳು ಒಟ್ಟಿಗೇ ಸುಳ್ಳು ಹೇಳಿದರೆ ತಪ್ಪು ಮುಳ್ಳುಗಳದ್ದಲ್ಲ, ಎರಡಕ್ಕೂ ಕರೆಂಟು ಅಳೆದು ಕೊಡುವ ರೆಗ್ಯುಲೇಟರಿನದ್ದು. ಅಬ್ರಾರ್ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿದ. ಬೆಂಕಿಪೆಟ್ಟಿಗೆಯಷ್ಟಿರುವ ಆ ಡಬ್ಬಿ ಅಲ್ಲಿರಲೇ ಇಲ್ಲ. ಅದರ ಜಾಗದಲ್ಲಿ ಒಂದು ಗೇಣು ತಂತಿ. ಎರಡೂ ತುದಿ ತಿರುಚಿ, ಕರಿ ಟೇಪು ಸುತ್ತಿದ್ದರು. ಕರೆಂಟು ನೇರವಾಗಿ ಹರಿಯುತ್ತಿತ್ತು.

ಈ ಕೆಲಸ ಯಾರದ್ದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಸಾಮಾನು ಸಿಗದೆ, ಗಿರಾಕಿ ತಲೆಯ ಮೇಲೆ ಕೂತಾಗ, ಅವನೇ ಎಷ್ಟೋ ಗಾಡಿಗಳಿಗೆ ಹೀಗೆ ತಂತಿ ಕಟ್ಟಿ ಕಳಿಸಿದ್ದ. "ಸದ್ಯಕ್ಕ ನಡೀತದ, ಆಮ್ಯಾಲ ಬರ್ರಿ." ಆಮೇಲೆ ಯಾರೂ ಬರುತ್ತಿರಲಿಲ್ಲ. ಅವನೂ ಮರೆಯುತ್ತಿದ್ದ. ಈ ಗಾಡಿಯದ್ದೂ ನೆನಪಿರಲಿಲ್ಲ.

ಸಾಮಾನ್ಯವಾಗಿ ಬೆಸುಗೆಯಾದರೂ ಹಾಕುತ್ತಿದ್ದ. ಇಲ್ಲಿ ಅದೂ ಇಲ್ಲ. ಅವತ್ತು ಅಂಥ ಅವಸರ ಏನಿತ್ತೋ ಎಂದು ತನ್ನನ್ನೇ ಶಪಿಸಿಕೊಂಡ. ಎರಡು ವರ್ಷ ತಣ್ಣನೆಯ ಎಂಜಿನ್ನಿಗೂ ಮುಳ್ಳು ಬಿಸಿ ತೋರಿಸಿದರೂ ಇವರು ಯಾಕೆ ದೂರಲಿಲ್ಲ ಎಂಬ ಪ್ರಶ್ನೆ ಒಮ್ಮೆ ತಲೆಗೆ ಬಂತು. ತಪ್ಪು ತನ್ನದೆಂದು ಒಪ್ಪಿಕೊಂಡ ಮನಸ್ಸಿನಲ್ಲಿ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

ತಂತಿ ಕಿತ್ತು, ಡ್ರಾದಲ್ಲಿದ್ದ ರೆಗ್ಯುಲೇಟರ್ ಕೂಡಿಸಿ, "ಮೀಟರ್ ಸರಿ ಅದರಿ" ಎನ್ನಲು ಐದು ನಿಮಿಷ ಸಾಕಿತ್ತು. ಕೈ ಅತ್ತ ಹೋಯಿತು ಕೂಡ.

"ನಮ್ಮ ಸೊಸಿ ಎರಡು ತಿಂಗಳಾತು, ಹೊಟ್ಟಿತುಂಬ ಉಂಡಿಲ್ಲ" ಎಂದರು ಖಂಡೆಪ್ಪ, ರಸ್ತೆ ನೋಡುತ್ತ. "ನಾನೇ ಕೊಂದೀನಿ ಅಂತಾಳ."

ಅಬ್ರಾರ್ ಕಾರಿನಿಂದ ಇಳಿದ. "ಕಾಕಾ, ತಪ್ಪು ನಂದೇ ಅದರಿ" ಎಂದು ಎಲ್ಲ ಹೇಳಿದ.

ಖಂಡೆಪ್ಪ ಕಣ್ಣು ಮುಚ್ಚಿ ತೆರೆದರು. "ಈ ಮಾತು ಕಮಲಾಪುರಕ್ಕ ಬಂದು ಹೇಳ್ತೀಯೇನು?"

ಪೆಟ್ರೋಲ್ ಮರಳಿ ಸುರಿದು ಇಬ್ಬರೂ ಹೊರಟರು. ಬೈಸಿಕೊಳ್ಳಲು, ಹೊಡೆಸಿಕೊಳ್ಳಲು ಕೂಡ ಅಬ್ರಾರ್ ಸಿದ್ಧನಾಗಿದ್ದ.

ನಾಗರತ್ನಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಮುಖ ಬತ್ತಿ ಹೋಗಿತ್ತು.

"ಟಾಕಿ ಖಾಲಿ ಇದ್ರೂ?"

"ಕಾಲು ಟಾಕಿ ತೋರಸ್ತದರಿ, ಅಕ್ಕಾರ."

"ನಾ ಅವತ್ತ ಗಾಬರ್ಯಾಗ ಮೀಟರ್ ನೋಡೇ ಇಲ್ರಿ. ಅಂದ್ರ... ನೋಡಿದ್ರೂ ಗೊತ್ತಾಗ್ತಿದ್ದಿಲ್ಲ?"

"ಗೊತ್ತಾಗ್ತಿದ್ದಿಲ್ರಿ."

"ನಮ್ಮ ಮಾವ ಹೇಳಿಸ್ಯಾರೇನು?"

"ಅಲ್ಲಾನ ಆಣಿ ರೀ. ನನ್ನ ಕಣ್ಣಾರೆ ನೋಡೀನಿ."

ಅವಳು ಹೊಸ್ತಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಅಬ್ರಾರ್‌ನನ್ನು ಬೈಯಲಿಲ್ಲ. ಒಳಗೆ ಹೋಗಿ ರೊಟ್ಟಿ ಪಲ್ಯ ತಂದು ಇಬ್ಬರಿಗೂ ಇಟ್ಟಳು. ಮಾವ ನೋಡುತ್ತಿದ್ದುದರಿಂದ ತಾನೂ ಒಂದು ರೊಟ್ಟಿ ಹಿಡಿದು ಕೂತಳು. ಮೊದಲ ತುತ್ತು ತಡವಾಗಿ ಇಳಿಯಿತು. ಆಮೇಲೆ ಇನ್ನೊಂದು ರೊಟ್ಟಿ ಹಾಕಿಕೊಂಡಳು. ಅಬ್ರಾರ್ ಮಾತ್ರ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟ.

ಬಸ್ ಸ್ಟ್ಯಾಂಡಿನವರೆಗೆ ಖಂಡೆಪ್ಪ ಜೊತೆಗೆ ಬಂದರು. ಅಬ್ರಾರ್ ಅವರ ಕೈ ಹಿಡಿದ. "ಮಾಫ್ ಮಾಡ್ರಿ ಕಾಕಾ. ನಿಮ್ಮ ಮನಿ ಹಾಳ ಮಾಡ್ದೆ."

"ಮಾಫಿ ನಾ ಕೇಳಬೇಕು" ಎಂದರು ಖಂಡೆಪ್ಪ. "ನಾ ಏನ್ ಹೇಳಿದ್ರೂ ಅಕಿ ಸಮಾಧಾನಕ್ಕ ಹೇಳ್ತಾರ ಅಂತಿದ್ಲು. ನಿನಗ ಸುಳ್ಳು ಹೇಳು ಅಂದಿದ್ರ, ನಿನ್ನ ಮಾರಿ ನೋಡಿ ಹಿಡದುಬಿಡ್ತಿದ್ಲು. ನೀ ನಂಬಿ ಹೇಳಬೇಕಿತ್ತು. ನಿನ್ನ ಕಡಿಂದ ದೇವರ ಆಣಿನೂ ಹಾಕಿಸಿದೆ."

"ಅಂದ್ರ?" ಎಂದ ಅಬ್ರಾರ್. ಬಸ್ಸು ಬಂದು ನಿಂತಿತು.

"ನಿನ್ನ ಕೆಲಸ ಸರಿನೇ ಇತ್ತಪಾ. ನನ್ನ ಹೆಂಡ್ತಿ ತೀರಿದ ಮ್ಯಾಲ ಗಣಾರಾಧನಿ ಮುಗಿದ ಮರುದಿನ, ಡಬ್ಬಿ ಕಿತ್ತು ಆ ತಂತಿ ಹಾಕಿದಾಂವ ನಾನು."