ಕೌದಿಗೆ ಬಂದ ಸೀರೆ

"ಹರಿಬ್ಯಾಡ್ರಿ ಚಾಚಿ! ಅದು ನಮ್ಮವ್ವನ ಸೀರಿ!"

ಅನುರಾಧಾ ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿಬಂದು ಸರ್ದಾರಬಿಯ ಕೈಯಿಂದ ಹಸಿರು ಸೀರೆಯನ್ನು ಕಸಿದುಕೊಂಡಳು. ಕತ್ತರಿ ಆಗಲೇ ಅದರ ದಡಿಗೆ ಒಂದು ಕಚ್ಚು ಹಾಕಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಸರ್ದಾರಬಿ ಎಳೆದು ಎರಡು ಹೋಳು ಮಾಡಿಬಿಡುತ್ತಿದ್ದಳು.

ಹುಮನಾಬಾದಿನ ಈ ಕೋಣೆಯಲ್ಲಿ ಹೆಂಗಸರು ಹಳೆಯ ಸೀರೆಗಳಿಂದ ಕೌದಿ ಹೊಲಿದು, ದವಾಖಾನೆಯಲ್ಲಿ ಹೆತ್ತ ಬಡ ಬಾಣಂತಿಯರಿಗೆ ಕೊಡುತ್ತಾರೆ. ಮನೆಮನೆಗೆ ಹೋಗಿ ಸೀರೆ ಕೇಳಿ ತರುವವಳು ಅನುರಾಧಾ. ಶಾಲೆಯಲ್ಲಿ ಪಾಠ ಮುಗಿಸಿ, ಮಗಳನ್ನು ಟ್ಯೂಶನ್ನಿಗೆ ಬಿಟ್ಟು, ಮತ್ತೆ ಕರೆತರುವವರೆಗಿನ ಹೊತ್ತು ಅವಳಿಗೆ ಸಿಗುವುದು. ರವಿವಾರ ಗಂಟು ಕಟ್ಟುವಾಗ ತಾನೂ ಒಂದೆರಡು ಕೊಡೋಣವೆಂದು ತನ್ನ ಟ್ರಂಕನ್ನೂ ಬಿಚ್ಚಿದ್ದಳು. ಒಲೆಯ ಮೇಲೆ ಹಾಲು ಉಕ್ಕಿತು, ಮಗಳು ಕರೆದಳು. ಆ ಗಡಿಬಿಡಿಯಲ್ಲಿ ಅವ್ವನ ಸೀರೆಯೂ ಗಂಟು ಸೇರಿಬಿಟ್ಟಿತ್ತು. ಗೊತ್ತಾದದ್ದು ಇವತ್ತು ಮುಂಜಾನೆ. ಸರ್ದಾರಬಿಯ ಫೋನು ಎಂದಿನಂತೆ ಬಂದ್. ಮಧ್ಯಾಹ್ನದ ಬಿಡುವು ಸಿಕ್ಕಿದ್ದೇ ಓಡಿ ಬಂದಿದ್ದಳು. ಅವ್ವ ತೀರಿಕೊಂಡಾಗಿನಿಂದ ಆ ಸೀರೆಯನ್ನು ಅವಳು ಒಗೆದಿರಲಿಲ್ಲ. ಅವ್ವನ ಮೈಯ ವಾಸನೆ ಉಳಿದದ್ದು ಅದೊಂದರಲ್ಲೇ.

"ಯಾ ಅಲ್ಲಾ! ನನಗೇನ್ ಗೊತ್ತು ಬೇಟಾ?" ಸರ್ದಾರಬಿ ಕತ್ತರಿ ಕೆಳಗಿಟ್ಟಳು. "ನೀ ಕಟ್ಟಿ ಕೊಟ್ಟ ಗಂಟಿನಾಗೇ ಇತ್ತು."

ಅನುರಾಧಾ ಸೀರೆಗೆ ಮುಖ ಒತ್ತಿದಳು. ಒಂದು ಮಡಿಕೆ ಬಿಚ್ಚಿ ಮತ್ತೆ ಒತ್ತಿದಳು. ಸೆರಗು ಹುಡುಕಿ ತೆಗೆದು ಅಲ್ಲಿಯೂ ನೋಡಿದಳು.

"ಒಗದೀರೇನು ಇದನ್ನ?"

"ಒಗೀಲಾರದ ಕೂಸಿನ ಕೆಳಗ ಹಾಕ್ತಾರೇನು? ಬಿಸಿ ನೀರಾಗ ಸೋಡಾ ಹಾಕಿ ಕುದಿಸೀವಿ. ಬಿಸಲಿಗೆ ಒಣಗಿಸೀವಿ."

ಸಾಬೂನಿನ ವಾಸನೆ ಬಿಟ್ಟರೆ ಅದರಲ್ಲಿ ಈಗ ಏನೂ ಇರಲಿಲ್ಲ. ಅನುರಾಧಾ ಹಳೆಯ ಸೀರೆಗಳ ರಾಶಿಯ ಮೇಲೆಯೇ ಕುಳಿತುಬಿಟ್ಟಳು.

ಮೂಲೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ಜಿಜಾಬಾಯಿ ತಲೆ ಎತ್ತಿದಳು. ಚಿಟಗುಪ್ಪದ ಕಡೆಯ ಮುದುಕಿ. ಗಂಡ ಹೋದ ವರ್ಷ ತೀರಿಕೊಂಡಿದ್ದ.

"ಅಕ್ಕೋರ, ನಮ್ಮ ಮನಿಗೆ ಬಂದಾಗ ಏನಂದಿದ್ರಿ? ನೆನಪದ ಇಲ್ಲ?" ಎಂದು ಥೇಟ್ ಅನುರಾಧಾಳ ದನಿ ತೆಗೆದಳು. "'ಟ್ರಂಕಿನಾಗ ಇಟ್ಟು ಏನ್ ಮಾಡ್ತೀರಿ ಮೌಶಿ? ಇಲಿ ಕಡೀತಾವ ಅಷ್ಟ. ಯಾವುದಾರ ಕೂಸು ಬೆಚ್ಚಗ ಮಲಗಲಿ.' ಹಂಗ ಅಂದು ನಮ್ಮ ಮನ್ಯಾರು ತಲಿಗೆ ಸುತ್ತತಿದ್ದ ಪಟಗಾ ಒಯ್ದಿರಿ."

"ಹಾಂ, ಅನ್ರಿ. ಇನ್ನಷ್ಟು ಅನ್ರಿ," ಎಂದಳು ಅನುರಾಧಾ. ಆದರೆ ಆ ದಿನ ಜಿಜಾಬಾಯಿ ಬಿಳಿಯ ಪಟಗಾ ತಂದು ಕೊಡಲು ಬಹಳ ಹೊತ್ತು ಮಾಡಿದ್ದು ನೆನಪಾಯಿತು. ಬಸ್ಸಿಗೆ ತಡವಾಗುತ್ತದೆಂದು ಇವಳೇ ಒಳಗೆ ಕೂಗಿದ್ದಳು. "ಮೌಶಿ, ಅದೂ ಒಗೀಲಾರದ್ದೇ ಇತ್ತೇನು?"

"ಇತ್ತರಿ. ಎಣ್ಣಿ, ಬೀಡಿ, ಎತ್ತಿನ ಮೈ, ಎಲ್ಲಾ ವಾಸನಿ ಇತ್ತು ಅದರಾಗ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಒಯ್ತಿದ್ದಿಲ್ಲ." ಜಿಜಾಬಾಯಿ ದಾರದ ತುದಿಗೆ ಗಂಟು ಹಾಕಿದಳು. "ಯಾರಾರ ಒಯ್ಯೂದು ಬೇಕಾಗಿತ್ತರಿ ನನಗ. ಅದನ್ನ ಹಿಡ್ಕೊಂಡು ಕುಂತ್ರ ಒಂದು ರೊಟ್ಟಿ ಸೈತ ಬಡೀತಿದ್ದಿಲ್ಲ. ನೀವು ಒಯ್ದ ಮರುದಿನ, ಏನ್ ಮಾಡ್ತಾರ ನೋಡೂನು ಅಂತ ಪಟಗಾದ ಬೆನ್ನ ಹತ್ತಿ ಬಂದೆ. ಬಂದಾಕಿ ಇಲ್ಲೇ ಕುಂತೀನಿ ನೋಡ್ರಿ."

"ಕುಂತು ನನ್ನ ಎಲಿ-ಅಡಿಕಿ ಖಾಲಿ ಮಾಡಾಕತ್ತಾಳ," ಎಂದಳು ಸರ್ದಾರಬಿ. ಆಮೇಲೆ ದನಿ ತಗ್ಗಿಸಿ, "ಒಯ್ಯಿ ಬೇಟಾ. ಒಂದು ಕಚ್ಚು ಬಿದ್ದದ ಅಷ್ಟ. ನಾನೇ ಹೊಲದು ಕೊಡ್ತೀನಿ."

ನೆಲದ ಮೇಲೆ ಕೌದಿಯ ಒಳಗಿನ ಚಿಂದಿಗಳನ್ನು ಒಪ್ಪವಾಗಿ ಹಾಸಿ ಇಟ್ಟಿದ್ದರು. ಹೊದಿಕೆಗಷ್ಟೇ ಸೀರೆ ಬೇಕಿತ್ತು. ಹಳ್ಳಿಖೇಡದ ಹತ್ತಿರ ಕಬ್ಬು ಕಡಿಯಲು ಬಂದವರ ಸೊಸೆ ಹೆತ್ತಿದ್ದಳು. ನಾಡಿದ್ದು ಅವಳನ್ನು ದವಾಖಾನೆಯಿಂದ ಮನೆಗೆ ಕಳಿಸುತ್ತಾರೆ. ಮನೆಯೆಂದರೆ ಹೊಲದಲ್ಲಿ ಹಾಕಿದ ಜೋಪಡಿ. ರಾಶಿಯಲ್ಲಿ ಉಳಿದ ಸೀರೆಗಳೆಲ್ಲ ಪಾಲಿಸ್ಟರು, ಜಾರುವಂಥವು. ಮೆತ್ತಗಿನ ನೂಲಿನದು ಇದೊಂದೇ.

ಅನುರಾಧಾ ಎದ್ದು ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದಳು. ಕಚ್ಚು ಬಿದ್ದ ಕಡೆ ಒಂದು ಬದಿಯನ್ನು ತಾನು ಹಿಡಿದು, ಇನ್ನೊಂದನ್ನು ಮುದುಕಿಗೆ ಕೊಟ್ಟಳು.

"ಹಿಡೀರಿ ಮೌಶಿ."

"ಖರೇನ?"

"ಎಳೀರಿ, ನನ್ನ ಮನಸ್ಸು ತಿರುಗೂದ್ರಾಗ."

ಇಬ್ಬರೂ ಎಳೆದರು. ಸೀರೆ ಚರ್ರನೆ ಹರಿಯುತ್ತ ಹೋಗಿ ಆಚೆ ಬದಿಯ ದಡಿಗೆ ಬಂದು ನಿಂತಿತು. ಮತ್ತೆ ಎಳೆದರು. ಜಿಜಾಬಾಯಿ ಗೋಡೆಗೆ ಕಾಲು ಕೊಟ್ಟು ಎಳೆದಳು. ತಲೆಯ ಮೇಲಿನ ಸೆರಗು ಜಾರಿತು, ದಡಿ ಜಗ್ಗಲಿಲ್ಲ.

"ಏನ್ರಿ ಇದು! ನಿಮ್ಮವ್ವನೂ ಹಿಂಗ ಇದ್ದಳೇನು?"

"ಹಿಂಗ ಇದ್ದಳ್ರಿ," ಅನುರಾಧಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಹಿಡದದ್ದು ಬಿಡ್ತಿದ್ದಿಲ್ಲ. ಅಪ್ಪ ಸೋತು ಹೊರಗ ಎದ್ದು ಹೋಗತಿದ್ದ."

ಜಿಜಾಬಾಯಿ ಕತ್ತರಿಗೆ ಕೈ ಚಾಚಿದಳು. ಸರ್ದಾರಬಿ ಅದನ್ನು ಸರಕ್ಕನೆ ತನ್ನ ತೊಡೆಯ ಕೆಳಗೆ ಸೇರಿಸಿಕೊಂಡಳು.

"ಬಿಡು, ಕೊಯ್ಯಬ್ಯಾಡ. ಹಂಗ ಮಡಚಿ ಹಾಕೂನು. ಕಬ್ಬಿನ ಹೊಲದಾಗಿನ ಚಳಿ ಅದು, ಆ ಕೂಸಿಗೆ ಇಂಥಾಕೀನ ಬೇಕು."